ಕಛೇರಿ ಉಳಿಯಿತು, ಸಂಬಳ ಹೋಯಿತು

ಸಂಗೀತಗಾರರಿಗೆ ಹೊಟ್ಟೆಪಾಡು ಕಷ್ಟವಾಗಿದೆ ಎಂಬ ಮಾತು ಬಂದಾಗಲೆಲ್ಲ ದೂರು ಕೇಳುಗರ ಮೇಲೆ ಹೋಗುತ್ತದೆ. ಹೊಸ ತಲೆಮಾರಿಗೆ ತಾಳ್ಮೆಯಿಲ್ಲ, ಕೈಗೆ ಮೊಬೈಲು ಬಂದ ಮೇಲೆ ಸಭಾಂಗಣ ಖಾಲಿ, ಸಿನಿಮಾ ಹಾಡು ಮಿಕ್ಕೆಲ್ಲವನ್ನೂ ನುಂಗಿತು ಎಂದು ನಿಟ್ಟುಸಿರು ಬಿಡುವುದು ರೂಢಿ. ಆದರೆ ಬೆಂಗಳೂರಿನಲ್ಲಿ, ಮೈಸೂರಿನಲ್ಲಿ ಕಣ್ಣಿಗೆ ಬೀಳುವುದು ಬೇರೆಯೇ. 1939ರಲ್ಲಿ ಶುರುವಾದ ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿಯ ರಾಮನವಮಿ ಸಂಗೀತೋತ್ಸವ ಇಂದಿಗೂ ವಾರಗಟ್ಟಲೆ ನಡೆಯುತ್ತದೆ. 1905ರಲ್ಲಿ ಹುಟ್ಟಿದ ಬೆಂಗಳೂರು ಗಾಯನ ಸಮಾಜ ಬಾಗಿಲು ಹಾಕಿಲ್ಲ. ಬಡಾವಣೆಗೊಂದು ಸಭೆ ಇದೆ, ನಾಲ್ಕು ಬೀದಿಗೊಂದು ಸಂಗೀತ ಪಾಠದ ಫಲಕ ಇದೆ, ಜೂನಿಯರ್ ಸೀನಿಯರ್ ಪರೀಕ್ಷೆಗೆ ಮಕ್ಕಳನ್ನು ಕೂರಿಸುವ ತಂದೆತಾಯಂದಿರ ಉತ್ಸಾಹ ಕುಗ್ಗಿಲ್ಲ. ಕೇಳುವವರೂ ಇದ್ದಾರೆ, ಕಲಿಯುವವರೂ ಇದ್ದಾರೆ. ಹಾಗಿದ್ದೂ, ಇಪ್ಪತ್ತು ವರ್ಷ ಪಿಟೀಲು ಅಭ್ಯಾಸ ಮಾಡಿ ಊರಿನ ಎಲ್ಲ ವೇದಿಕೆಗಳಲ್ಲೂ ಪಕ್ಕವಾದ್ಯ ನುಡಿಸುವವರು ಮನೆ ಸಾಲಕ್ಕೆಂದು ಬ್ಯಾಂಕಿಗೆ ಹೋದರೆ ಮೊದಲ ಪ್ರಶ್ನೆಗೇ ತಡವರಿಸಬೇಕಾಗುತ್ತದೆ: ಸಂಬಳದ ಚೀಟಿ ಎಲ್ಲಿ? ನನ್ನ ವಾದ ಇರುವುದು ಈ ಚೀಟಿಯ ಬಗ್ಗೆ. ಕೇಳುಗರನ್ನು ಕಳೆದುಕೊಂಡದ್ದರಿಂದ ನಮ್ಮ ಸಂಗೀತಗಾರರು ಬಡವರಾಗಲಿಲ್ಲ, ಸಂಬಳ ಕಳೆದುಕೊಂಡದ್ದರಿಂದ ಆದರು. ಕಛೇರಿ ಎಂಬುದು ಈ ನಾಡಿನಲ್ಲಿ ಯಾವ ಕಾಲಕ್ಕೂ ಸಂಗೀತಗಾರನ ಅಕ್ಕಿಬೇಳೆಯ ಖರ್ಚನ್ನು ಪೂರ್ತಿ ಹೊತ್ತಿರಲಿಲ್ಲ.

ಮೈಸೂರು ಅರಮನೆಯ ಕಾಲವನ್ನು ನೆನೆಯುವಾಗ ನಮಗೆ ಕಾಣುವುದು ದಸರೆಯ ದರ್ಬಾರು, ಖಿಲ್ಲತ್ತು, ವೀಣೆ ಶೇಷಣ್ಣನವರ ತಾನ, ಬಿಡಾರಂ ಕೃಷ್ಣಪ್ಪನವರ ಕಂಠ. ಅದರ ಹಿಂದೆ ಇದ್ದದ್ದು ಒಂದು ಸಂಬಳದ ಪಟ್ಟಿ. ಆಸ್ಥಾನ ವಿದ್ವಾಂಸರಾಗುವುದು ಎಂದರೆ ಬಿರುದಿನ ಜೊತೆಗೆ ತಿಂಗಳು ತಿಂಗಳು ಬರುವ ಹಣ. ನಾಲ್ವಡಿ ಕೃಷ್ಣರಾಜ ಒಡೆಯರು ನಡೆಸಿದ ಅರಮನೆಯ ಬ್ಯಾಂಡು ಮತ್ತು ವಾದ್ಯವೃಂದಗಳಲ್ಲಿ ಹೆಸರೇ ಉಳಿಯದ ಎಷ್ಟೋ ವಾದಕರು ಇದ್ದರು. ಅವರು ಶೇಷಣ್ಣನವರಂಥ ಮಹಾವಿದ್ವಾಂಸರಲ್ಲ, ಆದರೂ ವಾದ್ಯ ಹಿಡಿದೇ ಸಂಸಾರ ಸಾಗಿಸಿದರು. ನನಗೆ ಶೇಷಣ್ಣನವರಿಗಿಂತ ಇವರೇ ಮುಖ್ಯ ಎನಿಸುತ್ತಾರೆ, ಏಕೆಂದರೆ ಮಹಾಪ್ರತಿಭೆಗೆ ಯಾವ ಕಾಲದಲ್ಲೂ ಯಾರಾದರೊಬ್ಬರು ಅನ್ನ ಹಾಕುತ್ತಾರೆ. ಎರಡನೆಯ ಸಾಲಿನ ಸಂಗೀತಗಾರ ಹೇಗೆ ಬದುಕುತ್ತಾನೆ ಎಂಬುದರಿಂದ ಆ ವೃತ್ತಿಯ ಆರೋಗ್ಯ ತಿಳಿಯುತ್ತದೆ. ಅರಮನೆಯ ಆಶ್ರಯ ಇಳಿಮುಖವಾದ ಮೇಲೆ ಮೈಸೂರು ವಾಸುದೇವಾಚಾರ್ಯರಂಥ ವಾಗ್ಗೇಯಕಾರರೇ ಎಂಬತ್ತು ದಾಟಿದ ವಯಸ್ಸಿನಲ್ಲಿ ಮದರಾಸಿನ ಕಲಾಕ್ಷೇತ್ರಕ್ಕೆ ಪಾಠ ಹೇಳಲು ಹೋದರು. ಅಲ್ಲೂ ಅವರಿಗೆ ಸಿಕ್ಕಿದ್ದು ಕಛೇರಿಯಲ್ಲ, ಒಂದು ಹುದ್ದೆ.

ಉತ್ತರ ಕರ್ನಾಟಕದ ಕಥೆಯೂ ಇದೇ, ಸಂಬಳ ಕೊಡುವವರು ಮಾತ್ರ ಬೇರೆ. ಅಲ್ಲಿ ಅರಮನೆಯ ಜಾಗದಲ್ಲಿ ನಾಟಕ ಕಂಪನಿ ಇತ್ತು. ಮಲ್ಲಿಕಾರ್ಜುನ ಮನ್ಸೂರರು ಹುಡುಗನಾಗಿದ್ದಾಗ ಹೋಗಿ ಸೇರಿದ್ದು ನಾಟಕ ಕಂಪನಿಯನ್ನು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಊಟ ಹಾಕಿ ಸಂಗೀತ ಕಲಿಸಿದ ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ನಾಟಕ ಸಂಘ ಕಟ್ಟಿ ಊರೂರು ತಿರುಗಿದ್ದು ರಂಗಭೂಮಿಯ ಮೋಹಕ್ಕಷ್ಟೇ ಅಲ್ಲ. ಹಾರ್ಮೋನಿಯಂ ನುಡಿಸುವ ಪೇಟಿ ಮಾಸ್ತರರಿಗೆ, ತಬಲಾದವರಿಗೆ ಕಂಪನಿಯಲ್ಲಿ ಊಟ, ವಸತಿ, ತಿಂಗಳ ಪಗಾರ ಇರುತ್ತಿತ್ತು. ನಂತರ ಬಂದದ್ದು ರೇಡಿಯೊ. ಮನ್ಸೂರರು ಧಾರವಾಡ ಆಕಾಶವಾಣಿಯಲ್ಲಿ ಸಂಗೀತ ಸಲಹೆಗಾರರಾದರು. ಮೈಸೂರು ಅರಮನೆಯ ವೈಣಿಕರಾಗಿದ್ದ ವಿ. ದೊರೆಸ್ವಾಮಿ ಅಯ್ಯಂಗಾರ್ಯರು ಬೆಂಗಳೂರು ಆಕಾಶವಾಣಿಯಲ್ಲಿ ಸಂಗೀತ ನಿರ್ಮಾಪಕರಾದರು. ಆರ್.ಕೆ. ಶ್ರೀಕಂಠನ್ ಅವರ ದುಡಿಮೆಯ ವರ್ಷಗಳು ಬಹುಪಾಲು ಕಳೆದದ್ದು ಆಕಾಶವಾಣಿಯ ನೌಕರಿಯಲ್ಲೇ. ಇವರ ಕಛೇರಿಗಳನ್ನು ನಾವು ಹೊಗಳುತ್ತೇವೆ. ಆ ಕಛೇರಿಗಳಿಗೆ ನೆಮ್ಮದಿಯಿಂದ ತಯಾರಾಗಲು ಅವಕಾಶ ಕೊಟ್ಟದ್ದು ತಿಂಗಳ ಮೊದಲ ವಾರದಲ್ಲಿ ಬರುತ್ತಿದ್ದ ಪಗಾರ ಎಂಬುದನ್ನು ಅವರ ಜೀವನಚರಿತ್ರೆಗಳು ಒಂದು ಸಾಲಿನಲ್ಲಿ ಹೇಳಿ ಮುಂದೆ ಹೋಗುತ್ತವೆ.

ಈ ಸಂಬಳಗಳು ಒಂದೊಂದಾಗಿ, ಬೇರೆ ಬೇರೆ ಕಾರಣಕ್ಕೆ ನಿಂತವು. ಸಂಸ್ಥಾನ ವಿಲೀನವಾಯಿತು, 1971ರಲ್ಲಿ ರಾಜಧನವೂ ರದ್ದಾಯಿತು. ದೇವಸ್ಥಾನಗಳ ವಾದ್ಯ ಸೇವೆಗೆಂದು ಬಿಟ್ಟಿದ್ದ ಜಮೀನುಗಳ ಏರ್ಪಾಟು 1955ರ ಮೈಸೂರು ಧಾರ್ಮಿಕ ಇನಾಮು ರದ್ದತಿ ಕಾಯ್ದೆಯ ನಂತರ ಮೊದಲಿನಂತೆ ಉಳಿಯಲಿಲ್ಲ. ಉಳುವವನಿಗೆ ಭೂಮಿ ಸಿಗಬೇಕೆಂಬುದು ನ್ಯಾಯವೇ, ಅದರ ಬಗ್ಗೆ ತಕರಾರಿಲ್ಲ. ಆದರೆ ವಾಲಗದವರ ಸೇವೆಗೆ ಬದಲಿ ವ್ಯವಸ್ಥೆ ಏನೆಂದು ಗಟ್ಟಿಯಾಗಿ ಕೇಳಿದವರು ಕಡಿಮೆ. ಇಂದು ಎಷ್ಟೋ ದೇವಸ್ಥಾನಗಳಲ್ಲಿ ಮಹಾಮಂಗಳಾರತಿಯ ಹೊತ್ತಿಗೆ ಪೂಜಾರಿ ಒಂದು ಸ್ವಿಚ್ ಒತ್ತುತ್ತಾರೆ, ಮೋಟರು ತಿರುಗಿ ನಗಾರಿಯನ್ನೂ ಗಂಟೆಯನ್ನೂ ಜಾಗಟೆಯನ್ನೂ ಒಟ್ಟಿಗೆ ಬಡಿಯುತ್ತದೆ. ಕಿವಿಗೆ ಅದು ಎಷ್ಟು ಕರ್ಕಶ ಎಂಬುದು ಬೇರೆ ಮಾತು. ಆ ಯಂತ್ರ ಯಾರ ಜಾಗದಲ್ಲಿ ನಿಂತಿದೆ ಎಂದು ನೋಡಿದರೆ ಒಂದು ಇಡೀ ಕಸುಬಿನ ಲೆಕ್ಕ ಸಿಗುತ್ತದೆ. ತಂಬೂರಿ ಮೀಟಲು ಕೂರುತ್ತಿದ್ದವರ ಜಾಗಕ್ಕೆ ನಮ್ಮ ಬೆಂಗಳೂರಿನದೇ ರಾಡೆಲ್‌ನಂಥ ಶ್ರುತಿಪೆಟ್ಟಿಗೆಗಳು ಬಂದವು, ಈಗ ಅದೂ ಮೊಬೈಲಿನೊಳಗೆ ಸೇರಿದೆ. ಸಿನಿಮಾದಲ್ಲಿ ರಾಜನ್–ನಾಗೇಂದ್ರ, ಜಿ.ಕೆ. ವೆಂಕಟೇಶ್ ಅವರ ಕಾಲದ ಹಾಡಿಗೆ ಪಿಟೀಲಿನವರ ಒಂದು ದಂಡೇ ಮದರಾಸಿನ ಸ್ಟುಡಿಯೊದಲ್ಲಿ ಕೂರಬೇಕಿತ್ತು. ಕೀಬೋರ್ಡು, ಆಮೇಲೆ ಕಂಪ್ಯೂಟರು ಬಂದ ಮೇಲೆ ಅದೇ ನಾದವನ್ನು ಒಬ್ಬರೇ ಕೋಣೆಯೊಂದರಲ್ಲಿ ಕೂತು ತೆಗೆಯಬಲ್ಲರು. ಆಕಾಶವಾಣಿಯ ನಿಲಯ ಕಲಾವಿದರು ನಿವೃತ್ತರಾದಂತೆ ಅವರ ಕುರ್ಚಿಗಳು ತುಂಬದೆ ಉಳಿದವು. ಹೀಗೆ ಸಂಗೀತಗಾರನ ಆದಾಯದ ನಾಲ್ಕೈದು ಮೂಲಗಳು ಬತ್ತಿ, ಮೊದಲಿನಿಂದಲೂ ಎಲ್ಲಕ್ಕಿಂತ ತೆಳುವಾಗಿದ್ದ ಒಂದು ಮಾತ್ರ ಉಳಿಯಿತು. ಅದೇ ಕಛೇರಿ. 2020ರ ಮಾರ್ಚಿ 25ರಂದು ಲಾಕ್‌ಡೌನ್ ಬಂತು, ಎಂಟನೆಯ ದಿನಕ್ಕೆ ರಾಮನವಮಿ. ವರ್ಷದ ಗಳಿಕೆಯ ದೊಡ್ಡ ಪಾಲನ್ನು ಆ ಹಂಗಾಮಿನಿಂದಲೇ ನಿರೀಕ್ಷಿಸುವವರಿಗೆ ಏನಾಯಿತು, ಶಾಲೆಯಲ್ಲೋ ಬ್ಯಾಂಕಿನಲ್ಲೋ ಸಂಬಳವಿದ್ದ ಸಂಗೀತಗಾರರಿಗೆ ಏನಾಯಿತು ಎಂದು ಹೋಲಿಸಿದರೆ ನನ್ನ ವಾದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇದೆಲ್ಲ ರಾಜರ ಕಾಲದ ಹಂಬಲ ಎಂದು ಯಾರಾದರೂ ಹೇಳಬಹುದು. ಅರಮನೆಯ ಕೃಪೆ ದಕ್ಕಿದ್ದು ಕೆಲವರಿಗೆ. ಜಾತಿ, ಲಿಂಗ, ಪ್ರಭುವಿನ ಮರ್ಜಿ ಎಲ್ಲವೂ ಅಲ್ಲಿ ಕೆಲಸ ಮಾಡುತ್ತಿದ್ದವು. ನಾಟಕ ಕಂಪನಿ ಮಳೆಗೆ ಸಿಕ್ಕಿ ದಿವಾಳಿಯಾದರೆ ಪಗಾರವೂ ಮುಳುಗುತ್ತಿತ್ತು. ಈ ಮಾತನ್ನು ನಾನು ಪೂರ್ತಿ ಒಪ್ಪುತ್ತೇನೆ. ರಾಜ ಬೇಕೆಂಬುದು ಇಲ್ಲಿನ ವಾದವಲ್ಲ. ಒಂದು ಸಂಗತಿಯನ್ನಷ್ಟೇ ಗಮನಿಸಬೇಕು: ಅರಮನೆಗಿಂತ ಆಕಾಶವಾಣಿ ಹೆಚ್ಚು ನ್ಯಾಯವಾಗಿತ್ತು. ಆಡಿಷನ್ ಪದ್ಧತಿಯ ಬಗ್ಗೆ ಎಷ್ಟೇ ಜಗಳವಿದ್ದರೂ ಬಿ, ಬಿ ಹೈ, ಎ, ಟಾಪ್ ಎಂಬ ಶ್ರೇಣಿಗಳಿಗೆ ಗೊತ್ತಾದ ಸಂಭಾವನೆ ಇತ್ತು, ಅದನ್ನು ಯಾರೂ ಕವರಿನೊಳಗೆ ಗುಟ್ಟಾಗಿ ಕೊಡಬೇಕಿರಲಿಲ್ಲ. ಅಂದರೆ ಪ್ರಜಾಪ್ರಭುತ್ವದಲ್ಲಿ ಸಂಗೀತಕ್ಕೆ ಸಂಬಳ ಕೊಡುವ ದಾರಿಯನ್ನು ನಾವೇ ಒಮ್ಮೆ ಕಂಡುಕೊಂಡಿದ್ದೆವು. ಅದನ್ನು ಬಿಟ್ಟದ್ದು ಆಳುವವರ ಅಸಡ್ಡೆಯಿಂದ, ಸಿದ್ಧಾಂತದಿಂದಲ್ಲ.

ಕಛೇರಿ ಒಂದೇ ಏಕೆ ಸಾಲದು ಎಂಬುದಕ್ಕೆ ಅರ್ಥಶಾಸ್ತ್ರದಲ್ಲಿ ಒಂದು ಖಚಿತ ಉತ್ತರವಿದೆ. ಅಮೆರಿಕದ ವಿಲಿಯಂ ಬಾಮೋಲ್ ಮತ್ತು ವಿಲಿಯಂ ಬೋವೆನ್ 1966ರಲ್ಲಿ ರಂಗಕಲೆಗಳ ಅರ್ಥಶಾಸ್ತ್ರದ ಬಗ್ಗೆ ಪುಸ್ತಕ ಬರೆದರು. ಅವರ ಮಾತಿನ ಸಾರ ಇಷ್ಟು: ಕಾರ್ಖಾನೆಯಲ್ಲಿ ಯಂತ್ರ ಸುಧಾರಿಸಿದಂತೆ ಒಬ್ಬ ಕಾರ್ಮಿಕ ಗಂಟೆಗೆ ಹೆಚ್ಚು ಸರಕು ತಯಾರಿಸುತ್ತಾನೆ, ಆದ್ದರಿಂದ ಅವನ ಕೂಲಿ ಏರಬಹುದು. ನಾಲ್ವರು ಕೂತು ನುಡಿಸುವ ಒಂದು ಕೃತಿಗೆ ಇನ್ನೂರು ವರ್ಷದ ಹಿಂದೆ ಎಷ್ಟು ಜನ, ಎಷ್ಟು ಹೊತ್ತು ಬೇಕಿತ್ತೋ ಇಂದಿಗೂ ಅಷ್ಟೇ ಬೇಕು. ನಮ್ಮ ಕಛೇರಿಗೆ ಇದನ್ನು ಹಚ್ಚಿ ನೋಡಿ. ತೋಡಿ ರಾಗವನ್ನು ಅರ್ಧ ಹೊತ್ತಿನಲ್ಲಿ ಮುಗಿಸಿ ಉತ್ಪಾದಕತೆ ಎರಡು ಪಟ್ಟಾಯಿತು ಎನ್ನಲಾಗದು. ಅದೇ ಊರಿನಲ್ಲಿ ಸಾಫ್ಟ್‌ವೇರ್ ಸಂಬಳದ ಲೆಕ್ಕಕ್ಕೆ ಮನೆ ಬಾಡಿಗೆ, ಶಾಲೆಯ ಫೀಜು, ಆಸ್ಪತ್ರೆಯ ಬಿಲ್ಲು ಏರುತ್ತಾ ಹೋದರೆ, ಕಛೇರಿಯ ಖರ್ಚನ್ನು ಟಿಕೆಟ್ಟಿನಿಂದ ಸರಿದೂಗಿಸುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತದೆ. ನಮ್ಮಲ್ಲಂತೂ ಹೆಚ್ಚಿನ ಕಛೇರಿಗಳಿಗೆ ಟಿಕೆಟ್ಟೇ ಇಲ್ಲ.

ಇಂಟರ್‌ನೆಟ್ಟು ಈ ಕಟ್ಟನ್ನು ಬಿಚ್ಚಿತಲ್ಲ, ಒಮ್ಮೆ ಹಾಡಿದ್ದನ್ನು ಲಕ್ಷ ಜನ ಕೇಳಬಹುದಲ್ಲ ಎಂಬುದು ಎಲ್ಲಕ್ಕಿಂತ ಬಲವಾದ ಆಕ್ಷೇಪ. ಲಕ್ಷ ಜನ ಕೇಳುವುದು ನಿಜ. ಹಣ ಹೇಗೆ ಹಂಚಿಕೆಯಾಗುತ್ತದೆ ಎಂದು ನೋಡಬೇಕು. 2019ರಲ್ಲಿ ಭಾರತಕ್ಕೆ ಬಂದ ಸ್ಪಾಟಿಫೈ ಹಾಡಿನ ಹಕ್ಕಿರುವವರಿಗೆ ಕೊಡುವ ಮೊತ್ತವನ್ನು ಒಂದೇ ರಾಶಿಗೆ ಸೇರಿಸಿ, ಒಟ್ಟು ಆಲಿಕೆಯಲ್ಲಿ ಯಾರ ಪಾಲು ಎಷ್ಟೋ ಅಷ್ಟು ಹಂಚುತ್ತದೆ. ಮೂವತ್ತು ಸೆಕೆಂಡು ಕೇಳಿದರೆ ಒಂದು ಆಲಿಕೆ. ಮೂರು ನಿಮಿಷದ ಸಿನಿಮಾ ಹಾಡಿಗೂ ಒಂದು, ನಲವತ್ತು ನಿಮಿಷದ ರಾಗ-ತಾನ-ಪಲ್ಲವಿಗೂ ಒಂದು. ವಿಸ್ತಾರವೇ ಜೀವಾಳವಾದ ಸಂಗೀತಕ್ಕೆ ಇದಕ್ಕಿಂತ ಪ್ರತಿಕೂಲವಾದ ಅಳತೆಗೋಲು ಸಿಗುವುದು ಕಷ್ಟ. 2024ರಿಂದ, ಹನ್ನೆರಡು ತಿಂಗಳಲ್ಲಿ ಸಾವಿರ ಆಲಿಕೆ ದಾಟದ ಧ್ವನಿಮುದ್ರಣಕ್ಕೆ ಕಂಪನಿ ರಾಯಲ್ಟಿಯನ್ನೇ ಕೊಡುತ್ತಿಲ್ಲ. ಇನ್ನು ಕಾನೂನು. 2012ರ ಕೃತಿಸ್ವಾಮ್ಯ ತಿದ್ದುಪಡಿ ಸಿನಿಮಾದ ಸಾಹಿತಿ ಮತ್ತು ಸಂಗೀತ ನಿರ್ದೇಶಕರಿಗೆ ಬಿಟ್ಟುಕೊಡಲಾಗದ ರಾಯಲ್ಟಿ ಹಕ್ಕು ಕೊಟ್ಟಿತು, ಗಾಯಕರಿಗೂ ವಾಣಿಜ್ಯ ಬಳಕೆಯಲ್ಲಿ ಪಾಲು ಹೇಳಿತು. ಒಳ್ಳೆಯ ಕೆಲಸ. ಆದರೆ ತ್ಯಾಗರಾಜರನ್ನೂ ಪುರಂದರದಾಸರನ್ನೂ ಹಾಡುವವರಿಗೆ ರಚನೆಯ ರಾಯಲ್ಟಿ ಎಂಬುದೇ ಇಲ್ಲ, ಮೃದಂಗದವರಿಗೂ ಖಂಜಿರದವರಿಗೂ ರೆಕಾರ್ಡಿಂಗಿನ ದಿನ ಕೊಟ್ಟ ಹಣವೇ ಸಾಮಾನ್ಯವಾಗಿ ಮೊದಲನೆಯದು ಮತ್ತು ಕೊನೆಯದು. ಮದುವೆ ಮನೆಯ ಸ್ಪೀಕರಿನಲ್ಲಿ ನಾಗಸ್ವರದ ಧ್ವನಿಮುದ್ರಿಕೆ ಹಾಕಿದರೆ, ಮದುವೆಯ ಸಮಾರಂಭಕ್ಕೆ ಕಾಯ್ದೆಯೇ ರಿಯಾಯಿತಿ ಕೊಟ್ಟಿರುವುದರಿಂದ ರಾಯಲ್ಟಿಯ ಪ್ರಶ್ನೆಯೂ ಏಳುವುದಿಲ್ಲ. ಅಂದಿನ ವಾಲಗವನ್ನು ಕಳೆದುಕೊಂಡವನಿಗೆ ಅದೇ ವಾಲಗದ ರೆಕಾರ್ಡಿನಿಂದಲೂ ಕಾಸಿಲ್ಲ.

ಇಂಟರ್‌ನೆಟ್ಟು ನಿಜವಾಗಿ ಕೊಟ್ಟದ್ದು ಪಾಠವನ್ನು. ಅಮೆರಿಕದಲ್ಲಿರುವ ಕನ್ನಡದ, ತಮಿಳಿನ, ತೆಲುಗಿನ ಮನೆಗಳ ಮಕ್ಕಳಿಗೆ ಅಲ್ಲಿ ಸಂಜೆಯಾದಾಗ ಇಲ್ಲಿ ಬೆಳಗಿನ ಜಾವ ಎದ್ದು ವೀಡಿಯೊ ಮುಂದೆ ಕೂತು ಸರಳೆ ಜಂಟಿ ಹೇಳಿಕೊಡುವ ವಿದ್ವಾಂಸರು ಬೆಂಗಳೂರಿನಲ್ಲಿ ಧಾರಾಳ. ಡಾಲರಿನ ಲೆಕ್ಕ ಇಲ್ಲಿನ ಬಾಡಿಗೆಗೆ ಆಗುತ್ತದೆ. ಇದೊಂದು ಗೌರವದ ದುಡಿಮೆ, ಅದನ್ನು ಹಗುರವಾಗಿ ನೋಡಬೇಕಿಲ್ಲ. ಎರಡು ಮಾತು ಮಾತ್ರ ಹೇಳಬೇಕು. ಹಾಡುಗಾರಿಕೆ, ಪಿಟೀಲು, ವೀಣೆ, ಮೃದಂಗಕ್ಕೆ ದೊರೆಯುವ ಈ ಶಿಷ್ಯರು ಡೋಲಿಗೆ, ನಾಗಸ್ವರಕ್ಕೆ, ಮೋರ್ಚಿಂಗಿಗೆ ಅಷ್ಟಾಗಿ ದೊರೆಯುವುದಿಲ್ಲ. ಎರಡನೆಯದು, ಸಾಧನೆಗೆ ಒದಗುವ ಬೆಳಗಿನ ಹೊತ್ತೇ ಪಾಠಕ್ಕೆ ಹೋದರೆ ಆ ಸಂಗೀತಗಾರರು ಐದು ವರ್ಷದಲ್ಲಿ ಏನಾಗಿರುತ್ತಾರೆ ಎಂಬುದು ಯಾರಿಗಾದರೂ ಊಹೆಗೆ ನಿಲುಕುವ ವಿಷಯ.

ಹಾಗಾದರೆ ಹೊಟ್ಟೆಗೆ ಬೇರೆ ಕೆಲಸ, ಮನಸ್ಸಿಗೆ ಸಂಗೀತ ಎಂದು ಇಟ್ಟುಕೊಂಡರಾಗದೆ? ಹಲವರು ಇಟ್ಟುಕೊಂಡಿದ್ದಾರೆ. ರಾಜೀವ ತಾರಾನಾಥರು ಇಂಗ್ಲಿಷ್ ಮೇಷ್ಟರಾಗಿದ್ದೂ ಸರೋದಿನಲ್ಲಿ ದೊಡ್ಡ ಎತ್ತರ ಮುಟ್ಟಿದರು. ಇಂದು ಬೆಂಗಳೂರಿನ ವೇದಿಕೆಗಳಲ್ಲಿ ಎಂಜಿನಿಯರ್ ಗಾಯಕರು, ಎಂಜಿನಿಯರ್ ಮೃದಂಗ ವಾದಕರು ಬೇಕಾದಷ್ಟು; ಅವರಲ್ಲಿ ಬಹಳ ಚೆನ್ನಾಗಿ ಹಾಡುವವರೂ ಇದ್ದಾರೆ. ತೊಂದರೆ ಇರುವುದು ಅವರ ಸಂಗೀತದಲ್ಲಿ ಅಲ್ಲ, ಲೆಕ್ಕದಲ್ಲಿ. ಸಂಬಳ ಬೇರೆಡೆಯಿಂದ ಬರುವವರು ಸಂಭಾವನೆಯ ಮಾತೆತ್ತದೆ ಹಾಡಬಲ್ಲರು. ಕೆಲವರು ಹಣ ಕೊಟ್ಟೇ ವೇದಿಕೆ ಪಡೆಯುತ್ತಾರೆ ಎಂಬ ಆರೋಪ ಚೆನ್ನೈಯ ಡಿಸೆಂಬರ್ ಹಂಗಾಮಿನ ಬಗ್ಗೆ ಬಹಿರಂಗವಾಗಿಯೇ ಚರ್ಚೆಯಾಗಿದೆ. ಒಂದು ಸಂಜೆಗೆ ಹೀಗೆ ಬಿಟ್ಟಿಯಾಗಿ ಒದಗುವವರಿದ್ದಾಗ, ಅದನ್ನೇ ನಂಬಿದ ಪಕ್ಕವಾದ್ಯದವರ ದರ ಏರುವುದಾದರೂ ಹೇಗೆ? ಕೊನೆಗೆ ಈ ಕಲೆಯಲ್ಲಿ ಉಳಿಯುವವರು ಮನೆಯಲ್ಲಿ ಆಸ್ತಿಯಿರುವವರು, ಇಲ್ಲವೇ ಒಳ್ಳೆಯ ನೌಕರಿ ಇರುವವರು. ಅರಮನೆಯ ಕಾಲದಲ್ಲಿ ಜನ ಕೆಲವೇ ಮನೆತನಗಳಿಂದ ಬಂದರು ಎಂದು ದೂರುವ ನಾವು ಹೊಸದೊಂದು ಜರಡಿಯನ್ನು ಸದ್ದಿಲ್ಲದೆ ಹಿಡಿದಿದ್ದೇವೆ.

ಸಂಗೀತ ಸಾಧನೆ, ಅದಕ್ಕೆ ಬೆಲೆ ಕಟ್ಟಬಾರದು, ತ್ಯಾಗರಾಜರು ರಾಜನ ಕಾಣಿಕೆಯನ್ನೇ ತಿರಸ್ಕರಿಸಲಿಲ್ಲವೆ ಎನ್ನುವವರಿಗೂ ಉತ್ತರ ಹೇಳಬೇಕು. ಸಂಪ್ರದಾಯ ಹೇಳುವ ಅದೇ ಕಥೆಯಲ್ಲಿ ತ್ಯಾಗರಾಜರು ಉಂಛವೃತ್ತಿಯಿಂದ ಬದುಕಿದವರು, ಅಂದರೆ ಊರು ದಿನವೂ ಅವರ ಜೋಳಿಗೆಗೆ ಅಕ್ಕಿ ಹಾಕುತ್ತಿತ್ತು. ಅರಸನ ಹಂಗು ಬೇಡವೆನ್ನಲು ಊರಿನ ಅಕ್ಕಿ ಬೇಕಾಯಿತು. ಈ ತ್ಯಾಗದ ಪಾಠವನ್ನು ನಾವು ಒಪ್ಪಿಸುವುದು ಸಂಗೀತಗಾರರಿಗೆ ಮಾತ್ರ ಎಂಬುದೂ ವಿಚಿತ್ರ. ಶಾಮಿಯಾನದವರಿಗೆ, ಮೈಕಿನವರಿಗೆ, ಫ್ಲೆಕ್ಸ್ ಮುದ್ರಿಸುವವರಿಗೆ, ಅಡುಗೆಯವರಿಗೆ ದರ ಮೊದಲೇ ಗೊತ್ತುಮಾಡಿ ಮುಂಗಡ ಕೊಡುವ ಸಮಿತಿ, ಘಟದವರಿಗೆ ಎಷ್ಟು ಎಂಬುದನ್ನು ಮಂಗಳ ಹಾಡಿದ ಮೇಲೆ ಯೋಚಿಸುತ್ತದೆ. ಶಾಲು, ಹಾರ, ಹಣ್ಣಿನ ಬುಟ್ಟಿ, ಸ್ಮರಣಿಕೆ, ಅರ್ಧ ಗಂಟೆಯ ಸನ್ಮಾನ ಭಾಷಣ ಯಾವುದಕ್ಕೂ ಕೊರತೆಯಿರುವುದಿಲ್ಲ. ಮೃದಂಗಕ್ಕೆ ಹೊಸ ಮುಚ್ಚಿಗೆ ಹಾಕುವವರು ಮಾತ್ರ ಶಾಲು ತೆಗೆದುಕೊಂಡು ಕೆಲಸ ಮಾಡುವುದಿಲ್ಲ.

ಜನ ಟಿಕೆಟ್ಟು ಕೊಳ್ಳುವುದಿಲ್ಲ, ಸಂಬಳ ಎಲ್ಲಿಂದ ಬರಬೇಕು ಎಂಬ ಪ್ರಶ್ನೆಗೆ ಕರ್ನಾಟಕದಲ್ಲೇ ಜೀವಂತ ಉತ್ತರವೊಂದಿದೆ. ಕರಾವಳಿಯ ಯಕ್ಷಗಾನ ಮೇಳಗಳನ್ನು ನೋಡಿ. ಕಟೀಲು, ಧರ್ಮಸ್ಥಳ, ಮಂದಾರ್ತಿಯಂಥ ಕ್ಷೇತ್ರಗಳ ಮೇಳಗಳು ಮಳೆಗಾಲ ಮುಗಿದ ಮೇಲೆ ತಿರುಗಾಟಕ್ಕೆ ಹೊರಡುತ್ತವೆ, ತೆಂಕುತಿಟ್ಟಿನ ಮೇಳಗಳು ಮುಂದಿನ ಮಳೆಗಾಲಕ್ಕೆ ಮುಂಚೆ ಬರುವ ಪತ್ತನಾಜೆಯ ದಿನ ಗೆಜ್ಜೆ ಬಿಚ್ಚುತ್ತವೆ. ನಡುವಿನ ಸುಮಾರು ಆರು ತಿಂಗಳು ಭಾಗವತರಿಗೂ ಚೆಂಡೆ ಮದ್ದಳೆಯವರಿಗೂ ವೇಷಧಾರಿಗಳಿಗೂ ಮೇಳದಿಂದ ಸಂಬಳ. ಬಯಲಾಟ ನೋಡುವವರಿಗೆ ಉಚಿತ. ಖರ್ಚು ಹೊರುವುದು ಹರಕೆ ಹೊತ್ತವರು. ಕಟೀಲಿನಲ್ಲಿ ಹರಕೆಯಾಟದ ಸರದಿ ಬರಲು ವರ್ಷಗಟ್ಟಲೆ ಕಾಯುವವರಿದ್ದಾರೆ, ಬೇಡಿಕೆ ತಾಳಲಾರದೆ ಒಂದೇ ಕ್ಷೇತ್ರದಿಂದ ಹಲವು ಮೇಳಗಳು ಹೊರಡುತ್ತವೆ. ಪ್ರವೇಶ ಉಚಿತ ಎಂದ ಮಾತ್ರಕ್ಕೆ ಕಲಾವಿದ ಉಚಿತವಾಗಬೇಕಿಲ್ಲ ಎಂಬುದು ಇಲ್ಲಿ ಸ್ಪಷ್ಟ. ಜನ ಕೊಡುತ್ತಿರುವುದು ಭಕ್ತಿಗೆ, ಸಂಗೀತಕ್ಕಲ್ಲ ಎಂದು ನೀವು ಹೇಳಬಹುದು. ಇರಲಿ, ರಾಮನವಮಿಯ ಚಂದಾ ಬರುವುದೂ ಬಹುಮಟ್ಟಿಗೆ ಭಕ್ತಿಯಿಂದಲೇ. ವ್ಯತ್ಯಾಸವಿರುವುದು ವ್ಯವಸ್ಥೆಯಲ್ಲಿ. ಅಲ್ಲಿ ಹಣ ಮೊದಲು ಮೇಳವನ್ನು ಸೇರಿ, ಸಂಬಳವಾಗಿ ಹಿಮ್ಮೇಳದ ಕಡೆಯವನ ತನಕ ಇಳಿಯುತ್ತದೆ. ಇಲ್ಲಿ ಹಣ ಒಂದು ಸಂಜೆಗೆ ಬಂದು ಒಂದು ಸಂಜೆಗೇ ಮುಗಿಯುತ್ತದೆ. ಮೇಳದ ಕಲಾವಿದರ ಬದುಕು ಸುಖದ ಸುಪ್ಪತ್ತಿಗೆ ಎಂದು ನಾನು ಹೇಳುತ್ತಿಲ್ಲ. ನಿದ್ದೆಗೆಟ್ಟ ರಾತ್ರಿಗಳೂ ಕೈ ಖಾಲಿಯ ಮಳೆಗಾಲವೂ ಅವರಿಗೆ ಇದ್ದದ್ದೇ. ಆದರೂ ಆರು ತಿಂಗಳ ಆದಾಯ ಇಷ್ಟು ಎಂದು ಮೊದಲೇ ಹೇಳಬಲ್ಲ ಮದ್ದಳೆಗಾರ, ಹೇಳಲಾಗದ ಮೃದಂಗದವನಿಗಿಂತ ಒಂದು ಹೆಜ್ಜೆ ಮುಂದಿದ್ದಾನೆ.

ಸರ್ಕಾರ ಇಲ್ಲಿ ಮಾಡಬಹುದಾದದ್ದು ಹೊಸ ಪ್ರಶಸ್ತಿಯಲ್ಲ, ಇನ್ನೊಂದು ಉತ್ಸವವೂ ಅಲ್ಲ. 2022ರಲ್ಲಿ ಐರ್ಲೆಂಡ್ ಸರ್ಕಾರ 2,000 ಕಲಾವಿದರಿಗೆ ವಾರಕ್ಕೆ 325 ಯೂರೊ ಕೊಡುವ ಪ್ರಯೋಗ ಆರಂಭಿಸಿತು. ಅರ್ಹರ ನಡುವೆ ಆಯ್ಕೆ ನಡೆದದ್ದು ಲಾಟರಿ ಎತ್ತಿ! ರಾಜ್ಯೋತ್ಸವ ಪ್ರಶಸ್ತಿಯ ಹಂಗಾಮಿನಲ್ಲಿ ವಿಧಾನಸೌಧದ ಸುತ್ತ ನಡೆಯುವ ಓಡಾಟವನ್ನು ಬಲ್ಲವರಿಗೆ ಈ ಲಾಟರಿ ಅಷ್ಟೇನೂ ಹುಚ್ಚು ಎನಿಸಲಾರದು. ನಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ವಿಶ್ವವಿದ್ಯಾಲಯ ಕಟ್ಟಿ ಪದವಿ ಕೊಡುವ ರಾಜ್ಯದಲ್ಲಿ, ಆ ಪದವಿ ಹಿಡಿದವರಿಗೆ ಸರ್ಕಾರಿ ಶಾಲೆಯಲ್ಲಿ ಸಂಗೀತ ಶಿಕ್ಷಕರ ಹುದ್ದೆ ಸಿಗುವುದು ಅಪರೂಪ. ದೈಹಿಕ ಶಿಕ್ಷಣದ ಮೇಷ್ಟರಿಗೆ ಒಂದು ಹುದ್ದೆ ಇರುವಂತೆ ಹೋಬಳಿಗೊಬ್ಬ ಸಂಗೀತ ಶಿಕ್ಷಕರನ್ನು ನೇಮಿಸಿ, ಅವರು ಸುತ್ತಲಿನ ನಾಲ್ಕಾರು ಶಾಲೆಗಳಿಗೆ ಹೋಗಿಬರುವಂತೆ ಮಾಡಿದರೆ ಅದು ಅರಮನೆಯ ಪಟ್ಟಿಗಿಂತ ದೊಡ್ಡದೂ ನ್ಯಾಯವಾದದ್ದೂ ಆದ ಸಂಬಳದ ಪಟ್ಟಿಯಾಗುತ್ತದೆ. ಅದರಲ್ಲಿ ವಾಲಗದ ಮನೆತನದವರಿಗೂ, ಜನಪದ ಗಾಯಕರಿಗೂ ಜಾಗ ಇರಬೇಕು. ಹಾಗೆಯೇ ಸರ್ಕಾರದ ಅನುದಾನ ಪಡೆಯುವ ಸಭೆಗಳು ಪಕ್ಕವಾದ್ಯದವರಿಗೂ ಸೇರಿ ಪ್ರತಿಯೊಬ್ಬರ ಸಂಭಾವನೆಯನ್ನು ಮೊದಲೇ ಬರೆದು ತೋರಿಸಬೇಕು, ಅದು ಆ ದಿನದ ಮೈಕಿನ ಬಾಡಿಗೆಗಿಂತ ಕಡಿಮೆಯಾಗಬಾರದು ಎಂಬ ಷರತ್ತು ಹಾಕಬಹುದು.

ಹೀಗೆ ಮಾಡಿದರೆ ಸಣ್ಣ ಸಭೆಗಳು ಮುಚ್ಚಿಹೋಗುತ್ತವೆ ಎಂಬ ಭಯ ಹುಸಿಯಲ್ಲ. ಕೈಯಿಂದ ಹಣ ಹಾಕಿ, ನಿವೃತ್ತಿಯ ಪಿಂಚಣಿಯನ್ನು ಸುರಿದು ಸಭೆ ನಡೆಸುವವರು ನಮ್ಮ ನಡುವೆ ಇದ್ದಾರೆ, ಅವರನ್ನು ಶೋಷಕರೆಂದು ಕರೆಯುವುದು ಅನ್ಯಾಯ. ಷರತ್ತು ಬಂದರೆ ತಿಂಗಳಿಗೆ ನಾಲ್ಕು ಕಛೇರಿ ಇಡುವ ಸಭೆ ಎರಡಕ್ಕೆ ಇಳಿಯಬಹುದು. ಆಗ ಮೊದಲು ವೇದಿಕೆ ತಪ್ಪುವುದು ಕಿರಿಯರಿಗೇ. ಹಿರಿಯ ಗಾಯಕರ ಸಂಭಾವನೆಯನ್ನು ಸ್ವಲ್ಪ ಇಳಿಸಿ ಪಕ್ಕವಾದ್ಯಕ್ಕೆ ಕೊಡುವ ಧೈರ್ಯ ಎಷ್ಟು ಸಮಿತಿಗಳಿಗೆ ಇದೆಯೋ ಹೇಳಲಾರೆ. ಹಿರಿಯರೇ ಮುಂದೆ ಬಂದು ಹಾಗೆ ಕೇಳಿದರೆ ಕೆಲಸ ಸುಲಭವಾಗುತ್ತದೆ. ಏನೇ ಆದರೂ ಸಂಭಾವನೆಯ ಷರತ್ತನ್ನು ಒಂಟಿಯಾಗಿ ತಂದರೆ ಈಗಿರುವ ಅರೆಹೊಟ್ಟೆಯ ಗಳಿಕೆಯೂ ಕೆಲವರಿಗೆ ತಪ್ಪುತ್ತದೆ. ಆದ್ದರಿಂದ ಶಾಲೆಯ ಹುದ್ದೆಗಳು ಮೊದಲು ತುಂಬಬೇಕು, ಆಕಾಶವಾಣಿಯ ಖಾಲಿ ಕುರ್ಚಿಗಳು ಅದರ ಜೊತೆಗೇ. ಸಭೆಗಳ ಮೇಲಿನ ಷರತ್ತು ಅದಾದ ನಂತರ, ಒಂದೆರಡು ವರ್ಷ ಬಿಟ್ಟು ಬಂದರೂ ನಡೆಯುತ್ತದೆ.